ಹಗ್ಗಕ್ಕೆ ಕೈ ಹಾಕಿದವರ ಪಾಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲೂ ಹೇಳುತ್ತಿದ್ದರು, ಶಾಲೆಯಲ್ಲೂ ಹೇಳುತ್ತಿದ್ದರು. ಹೇಳಲಿ ಬಿಡಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅಕ್ಕೋರಿಗೆ ಅಷ್ಟೂ ಸಿಟ್ಟಿಲ್ಲದಿದ್ದರೆ ಮಕ್ಕಳು ಅವಳನ್ನು ಹುರಿದು ಮುಕ್ಕಿಬಿಡುತ್ತಾರೆ. ಆದರೆ ಆ ನಾಟಕ ಮಾಡಿದ ವರ್ಷ ನನ್ನ ಸಿಟ್ಟಿನ ಕೆಳಗೆ ಒಂದು ಹೆದರಿಕೆಯೂ ಇತ್ತು. ಅಪ್ಪ ನಾಟಕ ನೋಡಲು ಬಂದು ಅರ್ಧಕ್ಕೇ ಎದ್ದು ಹೋಗಿಬಿಟ್ಟರೆ? ಬರದೇ ಇದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎಲ್ಲರೆದುರು ಎದ್ದು ಹೋದರೆ, ಮರುದಿನ ಅವನ ಎದುರು ಊಟಕ್ಕೆ ಕೂರುವುದು ಹೇಗೆ ಎಂದೇ ನನಗೆ ತಿಳಿಯುತ್ತಿರಲಿಲ್ಲ.

ಕಾರವಾರದಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ತಂಡವಿತ್ತು. ಹಬ್ಬುವಾಡದ ಒಂದು ಮನೆಯ ಹಿಂದಿನ ಶೆಡ್ಡು ನಮ್ಮ ತಾಲೀಮಿನ ಜಾಗ. ನಿರ್ದೇಶಕರು ಬ್ಯಾಂಕಿನಲ್ಲಿ ಕ್ಯಾಷಿಯರ್. ಗಡಿಯಲ್ಲಿ ಯುದ್ಧ ನಡೆದು ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಎಲ್ಲಿ ನೋಡಿದರೂ ವೀರಾವೇಶದ ನಾಟಕಗಳು, ಕೊನೆಯ ದೃಶ್ಯದಲ್ಲಿ ಬಾವುಟ, ಹಿಂದಿನಿಂದ ಹೊಗೆ. ನಮ್ಮ ಕ್ಯಾಷಿಯರ್ ಸಾಹೇಬರಿಗೆ ಅದು ಸಾಕಾಗಿತ್ತು. ಒಂದು ಸಂಜೆ ದಪ್ಪನೆಯ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದು ನನ್ನ ಕೈಗೆ ತುರುಕಿದರು. ಯಾವುದೋ ದೂರದ ದೇಶದವನು ಬರೆದ, ಲೋಕಕ್ಕೆಲ್ಲ ಗೊತ್ತಿರುವ, ಯುದ್ಧವನ್ನು ಗೇಲಿ ಮಾಡುವ ಕಾದಂಬರಿ. ಕನ್ನಡದ ಅಕ್ಕೋರು ಎಂಬ ಒಂದೇ ತಪ್ಪಿಗೆ ಅದನ್ನು ನಾಟಕ ಮಾಡುವ ಕೆಲಸ ನನ್ನ ತಲೆಗೆ ಬಂತು.

ಓದುತ್ತ ಓದುತ್ತ ನಾನು ಸಿಟಿ ಬಸ್ಸಿನಲ್ಲಿ ಒಬ್ಬಳೇ ನಕ್ಕು, ಕಂಡಕ್ಟರನಿಂದ ವಿಚಿತ್ರವಾಗಿ ನೋಡಿಸಿಕೊಂಡೆ. ಆ ದಪ್ಪ ಪುಸ್ತಕದಿಂದ ಒಂದೇ ಎಳೆಯನ್ನು ಎತ್ತಿಕೊಂಡೆ. ಉಳಿದದ್ದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಒಂದು ಫಿರಂಗಿ. ಅದನ್ನು ಗುಡ್ಡ ಹತ್ತಿಸಲು ಮೇಲಿನಿಂದ ಅಪ್ಪಣೆ ಬರುತ್ತದೆ. ಸಿಪಾಯಿಗಳು ಕೆಸರಿನಲ್ಲಿ ಬಿದ್ದು ಎದ್ದು ಹತ್ತಿಸುವಷ್ಟರಲ್ಲಿ ಇಳಿಸಲು ಅಪ್ಪಣೆ. ಗುಂಡು ಬರುವುದಿಲ್ಲ, ರೊಟ್ಟಿ ಬರುವುದಿಲ್ಲ, ಪದಕಗಳು ಮಾತ್ರ ಪೆಟ್ಟಿಗೆಗಟ್ಟಲೆ ಬರುತ್ತವೆ. ಕೊನೆಗೆ ಫಿರಂಗಿ ಎಳೆದ ಹೇಸರಗತ್ತೆಗೂ ಜನರಲ್ ಸಾಹೇಬ ಒಂದು ಪದಕ ಚುಚ್ಚುತ್ತಾನೆ.

ನಗುವುದೇನೋ ಸುಲಭ. ನಮ್ಮ ಮನೆಯಲ್ಲಿ ಹವಾಲ್ದಾರನೊಬ್ಬನಿದ್ದ, ಅದು ಕಷ್ಟ.

ಅಪ್ಪ ಹುಟ್ಟಿದ್ದು ಅಂಕೋಲೆಯ ಕಡಲ ದಂಡೆಯ ಮೀನುಗಾರರ ಕೇರಿಯಲ್ಲಿ. ಮೀಸೆ ಮೂಡುವ ಹೊತ್ತಿಗೆ ಮಿಲಿಟರಿ ಸೇರಿ, ಹಿಮ ಬೀಳುವ ಊರುಗಳಲ್ಲಿ ಅರ್ಧ ಆಯುಷ್ಯ ಕಳೆದು, ನಿವೃತ್ತನಾಗಿ ಬಂದು ಕಾಳಿ ನದಿಯ ಮಗ್ಗುಲಿಗೆ ಕೋಡಿಬಾಗದಲ್ಲಿ ಮನೆ ಕಟ್ಟಿಸಿದವನು. ಅವನ ಪದಕಗಳು ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಮಲಗಿದ್ದವು. ಹೊರಗೆ ತೆಗೆದದ್ದನ್ನು ನಾನು ಕಾಣೆ. ಅಲ್ಲಿ ಏನು ನಡೆಯಿತೆಂದು ಕೇಳಿದರೆ ಚಳಿಯ ಬಗ್ಗೆ ಹೇಳುತ್ತಿದ್ದ. ಚಳಿ ಬಹಳ ಇತ್ತು ಎನ್ನುತ್ತಿದ್ದ, ಅಷ್ಟೇ.

ಅವನ ಇನ್ನೊಂದು ಕತೆಯನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ದಂಡೆಯಲ್ಲಿ ಏಂಡಿ ಬಲೆ ಎಂದು ಇದೆ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಿಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಗೆ ತಂದು, ಜನ ಸಾಲಾಗಿ ನಿಂತು ಎಳೆಯುವುದು. ಅದಕ್ಕೊಂದು ಕಟ್ಟಳೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲುಂಟು. ದಾರಿಯಲ್ಲಿ ಹೋಗುತ್ತಿದ್ದವನು ಬಂದು ಎಳೆದರೂ ಯಾರು, ಯಾವ ಊರು ಎಂದು ಕೇಳುವುದಿಲ್ಲ, ಮೀನು ಕೊಡುತ್ತಾರೆ. ಹಾಗೆಯೇ, ಎಳೆದವನು ಪಾಲು ಬೇಡ ಎನ್ನುವಂತೆಯೂ ಇಲ್ಲ.

ಅಪ್ಪ ಮಿಲಿಟರಿಯಿಂದ ಬಂದ ಹೊಸತರಲ್ಲಿ ಆಸೆಯಿಂದ ಓಡಿಹೋಗಿ ಹಗ್ಗ ಎಳೆದ. ತಾರ್ಲೆ ಮೀನಿನ ಪಾಲನ್ನು ಅವನ ಮುಂದೆ ಸುರಿದಾಗ, ಒಳ್ಳೆಯ ಮನಸ್ಸಿನಿಂದಲೇ, ತನಗೆ ಪಿಂಚಣಿ ಬರುತ್ತದೆ, ತನ್ನದನ್ನು ಬಡವರು ಯಾರಾದರೂ ತೆಗೆದುಕೊಳ್ಳಲಿ ಎಂದ. ಪಾಲು ಹಂಚುತ್ತಿದ್ದವಳು ಅವನ ಅಕ್ಕ, ನನ್ನ ದೊಡ್ಡತ್ತೆ. ಬುಟ್ಟಿ ಕೆಳಗಿಟ್ಟು ಹೇಳಿದಳಂತೆ: "ತಮಾ, ಪಾಲು ಬೇಡಾದ್ರೆ ಹಗ್ಗಾನೂ ಬೇಡ. ನಾವು ನಿನ್ನ ಕೂಲಿಯವ್ರಲ್ಲ, ನೀನು ನಮ್ಮ ಸಾಹೇಬನೂ ಅಲ್ಲ."

ದೊಡ್ಡತ್ತೆ ಹೇಳಿದ್ದನ್ನು ಹೇಳಿ ಮರೆತಳು. ಅವಳ ಬಾಯಿ ಅಂಥದ್ದು, ನನ್ನ ಸಿಟ್ಟೂ ಅವಳ ಕಡೆಯಿಂದಲೇ ಬಂದದ್ದು. ಅಪ್ಪ ಮರೆಯಲಿಲ್ಲ. ಅಕ್ಕನ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ, ಹಬ್ಬಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಆದರೆ ಹಗ್ಗಕ್ಕೆ ಮಾತ್ರ ಮತ್ತೆ ಕೈ ಹಾಕಲಿಲ್ಲ. ಪಾಲು ತೆಗೆದುಕೊಂಡರೆ ಬಡವರ ಬಾಯಿಯಿಂದ ಕಿತ್ತುಕೊಂಡ ಹಾಗೆ, ಬಿಟ್ಟರೆ ಅವಮಾನ ಮಾಡಿದ ಹಾಗೆ. ಮಿಲಿಟರಿ ತಲೆ, ನಡುವಿನ ದಾರಿ ಅದಕ್ಕೆ ಕಾಣುತ್ತಲೇ ಇರಲಿಲ್ಲ.

ಹಾಗಂತ ಬಿಟ್ಟಿರಲೂ ಆಗದು. ಪ್ರತಿ ಆದಿತ್ಯವಾರ ಬೆಳಿಗ್ಗೆ ಬಸ್ಸು ಹತ್ತಿ ತನ್ನೂರಿಗೆ ಹೋಗುತ್ತಿದ್ದ. ದಂಡೆಯ ಗಾಳಿಮರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಬಲೆ ಮೇಲೆ ಬರುವ ತನಕ ನೋಡುತ್ತಿದ್ದ. ಆಮೇಲೆ ಅಂಕೋಲೆಯ ಪೇಟೆಗೆ ಹೋಗಿ ಮೀನು ಕೊಂಡು ಮನೆಗೆ ತರುತ್ತಿದ್ದ. ನನ್ನ ತಾಯಿ, ನಾವು ಆಯಿ ಅನ್ನುತ್ತೇವೆ, ಚೀಲ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಿದ್ದಳು, "ಎಷ್ಟು ಕೊಟ್ರಿ?" ಅವನು ಎಷ್ಟೇ ಹೇಳಲಿ, ಆಯಿ ಮೀನಿನ ಕಿವಿರು ಎತ್ತಿ ನೋಡಿ, ಮೋಸ ಹೋದಿರಿ ಎಂದೇ ತೀರ್ಪು ಕೊಡುತ್ತಿದ್ದಳು. ನನಗೆ ನಗು ಬರುತ್ತಿತ್ತು, ಬೇಜಾರೂ ಆಗುತ್ತಿತ್ತು. ಮೀನು ಹಿಡಿಯುವವರ ಮನೆಯ ಮಗ ಪೇಟೆಯಲ್ಲಿ ಕೂತು ಮಾರುವ ತನ್ನ ದಾಯಾದಿ ಹೆಂಗಸರ ಹತ್ತಿರ ಚೌಕಾಸಿ ಮಾಡಿ ಮೀನು ತರುವುದು ಎಂದರೆ ಎಂಥ ಮಾತು.

ಇಂಥವನ ಮನೆಯ ಜಗಲಿಯಲ್ಲಿ ಕೂತು ನಾನು ಜನರಲ್ ಸಾಹೇಬನ ಮಾತುಗಳನ್ನು ಗಟ್ಟಿಯಾಗಿ ಓದಿ ಸರಿಮಾಡುತ್ತಿದ್ದೆ. ಅಪ್ಪ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಾನೆಂದು ಗೊತ್ತಿತ್ತು. ಒಂದು ಸಂಜೆ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತ.

"ಸಿಪಾಯಿನ್ನ ನಗೆ ಮಾಡೂದನೇ ತಂಗಿ?" ಎಂದ. ಮಗಳನ್ನು ತಂಗಿ ಎಂದು ಕರೆಯುವುದು ನಮ್ಮ ಕಡೆಯ ರೂಢಿ.

ನಾನು ಶಾಲೆಯಲ್ಲಿ ಮಾಡುವಂತೆ ಪಾಠ ಶುರುಮಾಡಿದೆ. ನಗುವುದು ಸಿಪಾಯಿಯನ್ನಲ್ಲ, ಅವನನ್ನು ಕೆಸರಿಗೆ ದೂಡುವ ಯುದ್ಧವನ್ನು ಎಂದು ವಿವರಿಸಿದೆ. ಅಪ್ಪ ಪೂರ್ತಿ ಕೇಳಿದ.

"ದೂರದಿಂದ ನೋಡ್ದ್ರೆ ಎರಡೂ ಒಂದೇ ಕಾಣ್ತದೆ" ಎಂದ.

"ಹಾಗಾದ್ರೆ ನೀನು ಹತ್ರ ಕೂತು ನೋಡು" ಎಂದೆ ನಾನು. ದನಿ ಏರಿಯೇ ಇತ್ತು. ಅಪ್ಪ ಹೊಳೆಯ ಕಡೆಗೆ ನಡೆದುಬಿಟ್ಟ.

ಆಮೇಲೆ ಕೆಲವು ವಾರ ನಮ್ಮಿಬ್ಬರ ಮಾತುಕತೆ ಆಯಿಯ ಮೂಲಕವೇ. ನಾನು ಪಕ್ಕದಲ್ಲೇ ನಿಂತಿದ್ದರೂ, ಮಳೆ ಬರುವ ಹಾಗಿದೆ, ಕೊಡೆ ತೆಗೆದುಕೊಂಡು ಹೋಗಲು ಹೇಳು ನಿನ್ನ ಮಗಳಿಗೆ ಎನ್ನುತ್ತಿದ್ದ. ಕೊಡೆ ಚೀಲದಲ್ಲಿದೆ ಎಂದು ಹೇಳು ನಿನ್ನ ಗಂಡನಿಗೆ ಎನ್ನುತ್ತಿದ್ದೆ. ಆಯಿ ಇಬ್ಬರಿಗೂ ಏನೂ ಹೇಳುತ್ತಿರಲಿಲ್ಲ, ಚಾ ಮಾತ್ರ ಕೊಡುತ್ತಿದ್ದಳು.

ಇತ್ತ ತಾಲೀಮು ಜೋರಾಗಿ ನಡೆದಿತ್ತು. ಟಾರಿನ ಡ್ರಮ್ಮೊಂದನ್ನು ಕೈಗಾಡಿಯ ಚಕ್ರಗಳ ಮೇಲೆ ಕಟ್ಟಿ, ಕಪ್ಪು ಬಣ್ಣ ಬಳಿದು ಫಿರಂಗಿ ಮಾಡಿದೆವು. ಸೋಡಾ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಬಡಿದು, ಬಂಗಾರದ ಕಾಗದ ಸುತ್ತಿ, ಕೆಂಪು ರಿಬ್ಬನ್ ಹೊಲಿದು ರಾಶಿ ಪದಕ ಮಾಡಿದೆವು. ಜನರಲ್ ಆಗಿದ್ದವರು ಒಬ್ಬ ವಿಮಾ ಏಜೆಂಟರು. ಹೊಟ್ಟೆ ಅವರ ಸ್ವಂತದ್ದು, ಮಾತು ಕಲಿಸುವ ಅಗತ್ಯ ಇರಲೇ ಇಲ್ಲ. ಇಬ್ಬರು ಒಂದೇ ಕಂಬಳಿಯೊಳಗೆ ಹೊಕ್ಕು ಹೇಸರಗತ್ತೆಯಾದರು. ನಾನು ಅಪ್ಪಣೆಗಳನ್ನು ಓದಿ ಹೇಳುವ ಗುಮಾಸ್ತ. ಖಾಕಿ ಪ್ಯಾಂಟು, ಕಾಡಿಗೆಯ ಮೀಸೆ.

ಫಿರಂಗಿ ಎಳೆಯುವ ದೃಶ್ಯದಲ್ಲಿ ನಿರ್ದೇಶಕರಿಗೆ ಒಂದು ಹೊಸ ಯೋಚನೆ ಬಂತು. ಫಿರಂಗಿ ಪಕ್ಕದ ಪರದೆಯ ಹಿಂದೆ ಇರಬೇಕು. ಉದ್ದದ ಹಗ್ಗ ರಂಗದಿಂದ ಕೆಳಗಿಳಿದು ಪ್ರೇಕ್ಷಕರ ನಡುವೆ ಬರಬೇಕು. ಸಿಪಾಯಿಗಳು ಅಲ್ಲೇ ನಿಂತು ಎಳೆದೂ ಎಳೆದೂ ಸೋಲಬೇಕು. ಮೂರನೆಯ ಅಪ್ಪಣೆ ಬರುವ ತನಕ ಫಿರಂಗಿ ಅಲ್ಲಾಡಬಾರದು. ಅದಕ್ಕಾಗಿ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿದ್ದೆವು. ಹಬ್ಬುವಾಡದ ಶೆಡ್ಡಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ಮಾಡಿದಾಗ ದೃಶ್ಯ ಬಹಳ ಚಂದ ಬಂತು. ಕಚೇರಿಯ ಗುಮಾಸ್ತರು, ಮಾಸ್ತರುಗಳು ಸೇರಿ ಸೋಲುವುದನ್ನು ಚೆನ್ನಾಗಿಯೇ ಕಲಿತಿದ್ದರು.

ಅಷ್ಟರಲ್ಲಿ ಮೊದಲ ಪ್ರದರ್ಶನಕ್ಕೆ ಕರೆ ಬಂತು. ಎಲ್ಲಿಂದ ಅಂತೀರಿ? ಅಪ್ಪನ ಊರಿನಿಂದಲೇ. ನಮ್ಮೂರಿನ ಮಗಳು ಬರೆದ ನಾಟಕ, ನಮ್ಮ ದಂಡೆಯಲ್ಲೇ ಮೊದಲು ಆಗಬೇಕು ಎಂದು ಅಲ್ಲಿಯ ಯುವಕ ಸಂಘದವರು ಹಟ ಹಿಡಿದರು. ದೊಡ್ಡತ್ತೆ ಎಲ್ಲದಕ್ಕೂ ಮುಂದೆ. ಉದ್ದದ ಹಗ್ಗ ಬೇಕು ಎಂದಾಗ ಏಂಡಿ ಬಲೆಯ ಹಗ್ಗವನ್ನೇ ಬಿಚ್ಚಿಸಿ ಕೊಟ್ಟಳು. ಪದಕಗಳನ್ನು ಹಾಕಿಡಲು ತನ್ನ ಮೀನಿನ ಬುಟ್ಟಿ ತೊಳೆದು ಕೊಟ್ಟಳು. ಅಪ್ಪನಿಗೆ, ಬರದಿದ್ದರೆ ಕೋಡಿಬಾಗಕ್ಕೇ ಬಂದು ಕಿವಿ ಹಿಂಡುತ್ತೇನೆಂದು ಹೇಳಿ ಕಳಿಸಿದಳು.

ಅದನ್ನು ಹೇಳಿದಾಗ ಅಪ್ಪ ಎಷ್ಟೋ ದಿನಗಳ ಮೇಲೆ ನೇರ ನನ್ನ ಹತ್ತಿರವೇ ಮಾತಾಡಿದ.

"ಅಕ್ಕ ಕರ್ದಾಳೆ, ಬತ್ತೆ" ಎಂದ. "ಆದ್ರೆ ಹಿಂದೆ ಕೂತ್ಕಂತೆ. ತಡೂಕೆ ಆಗದಿದ್ರೆ ಎದ್ದು ಹೋಗೂಕೆ ಅನುಕೂಲ."

ಅವನು ಬೆದರಿಸಲು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅದಕ್ಕೇ ನನಗೆ ಆ ರಾತ್ರಿ ಊಟ ಇಳಿಯಲಿಲ್ಲ.

ಪ್ರದರ್ಶನದ ಸಂಜೆ ಇಡೀ ಕೇರಿ ಮರಳಿನ ಮೇಲೆ ಬಂದು ಕೂತಿತು. ಹೆಂಗಸರು ಒಂದು ಕಡೆ, ಮುದುಕರು ಒಂದು ಕಡೆ, ಮಕ್ಕಳು ಎಲ್ಲ ಕಡೆ. ಅಪ್ಪ ಹೇಳಿದ ಹಾಗೆಯೇ ಎಲ್ಲರಿಗಿಂತ ಹಿಂದೆ, ಅದೇ ಗಾಳಿಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಆಯಿ. ಟ್ಯೂಬ್‌ಲೈಟಿನ ಬೆಳಕು ಅವನ ಮುಖದ ತನಕ ಹೋಗುತ್ತಿತ್ತು. ಹೋಗದಿದ್ದರೇ ಒಳ್ಳೆಯದಿತ್ತು.

ಮೊದಮೊದಲು ಜನ ನಗಲಿಲ್ಲ. ಜನರಲ್ ಸಾಹೇಬ ಹೊಟ್ಟೆ ಕುಣಿಸುತ್ತ ಬಂದ ಮೇಲೆ ಒಂದು ಕಡೆಯಿಂದ ನಗು ಎದ್ದಿತು. ರೊಟ್ಟಿ ಕೇಳಿದ ಸಿಪಾಯಿಗೆ ಪದಕ ಸಿಕ್ಕಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಅಪ್ಪ ಮೊಣಕಾಲಿನ ಮೇಲೆ ಕೈಯಿಟ್ಟು, ನೆಟ್ಟಗೆ ಕೂತಿದ್ದ. ತುಟಿ ಕೂಡ ಅಲ್ಲಾಡಲಿಲ್ಲ. ಅವನನ್ನೇ ನೋಡುತ್ತ ನಾನು ಹತ್ತಿಸುವ ಅಪ್ಪಣೆಯ ಬದಲು ಇಳಿಸುವ ಅಪ್ಪಣೆ ಓದಿಬಿಟ್ಟೆ. ಪುಣ್ಯಕ್ಕೆ ಈ ನಾಟಕದಲ್ಲಿ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಫಿರಂಗಿಯ ದೃಶ್ಯ ಬಂತು. ಹಗ್ಗ ರಂಗದಿಂದ ಇಳಿದು ಮರಳಿನ ಮೇಲೆ, ಜನರ ನಡುವೆ ಚಾಚಿಕೊಂಡಿತು. ನಮ್ಮ ಸಿಪಾಯಿಗಳು ಕೆಳಗಿಳಿದು ಎಳೆಯತೊಡಗಿದರು. ಕಲಿತ ಹಾಗೆಯೇ ಜಾರಿದರು, ಬಿದ್ದರು, ಅಯ್ಯೋ ಅಮ್ಮಾ ಎಂದು ನರಳಿದರು. ಜನ ನಗುತ್ತಾರೆಂದು ನಾವು ಕಾದೆವು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಹಗ್ಗದ ಮೇಲೆ. ಅದು ಅವರದೇ ಹಗ್ಗ, ಅವರದೇ ಮರಳು, ಅದನ್ನು ಹಿಡಿದು ಹತ್ತು ಜನ ಗಂಡಸರು ಸೋಲುತ್ತಿದ್ದಾರೆ. ಆ ದಂಡೆಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಕೂತು ನೋಡಲು ಸಾಧ್ಯವಿಲ್ಲ ಎಂಬುದು ಕ್ಯಾಷಿಯರ್ ಸಾಹೇಬರಿಗೆ ಹೊಳೆದಿರಲಿಲ್ಲ. ಆ ಊರಿನ ಮಗಳಾದ ನನಗೂ ಹೊಳೆದಿರಲಿಲ್ಲ.

ಮೊದಲು ಎದ್ದವಳು ದೊಡ್ಡತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿದ್ದ ಸಿಪಾಯಿಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹಗ್ಗಕ್ಕೆ ಕೈ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೂತವರೆಲ್ಲ ಎದ್ದಾಯಿತು, ಹಗ್ಗ ಕಾಣದಷ್ಟು ಕೈಗಳಾದವು. "ಹೈಸಾ" ಎಂದು ಒಂದೇ ದನಿ ಎದ್ದಿತು. ಚಕ್ರಕ್ಕೆ ಕೊಟ್ಟ ಕಲ್ಲು ಎಲ್ಲಿ ಹಾರಿತೋ. ಫಿರಂಗಿ ಪರದೆಯನ್ನು ಸುತ್ತಿಕೊಂಡು ರಂಗಕ್ಕೆ ನುಗ್ಗಿತು. ಜನರಲ್ ಸಾಹೇಬನ ಡೇರೆ ಬಿತ್ತು, ಡೇರೆಯೊಳಗೆ ಜನರಲ್ ಸಾಹೇಬ ಬಿದ್ದ, ಹೇಸರಗತ್ತೆಯ ಮುಂಗಾಲಿನವನೊಂದು ಕಡೆ, ಹಿಂಗಾಲಿನವನೊಂದು ಕಡೆ ಓಡಿದರು. ಫಿರಂಗಿ ರಂಗದ ಅಂಚಿನ ಹಲಗೆಗೆ ಸಿಕ್ಕಿ ನಿಂತಿತು. ಜನ ಬಿಡಲಿಲ್ಲ. ಪಕ್ಕದಲ್ಲಿ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಿದ್ದರು.

ನಾನು ಗಾಳಿಮರದ ಕಡೆಗೆ ನೋಡಿದೆ. ಅಪ್ಪ ಎದ್ದು ನಿಂತಿದ್ದ.

ಹೊರಟ, ಎಂದುಕೊಂಡೆ. ಇಷ್ಟು ದಿನ ಹೆದರಿದ್ದು ಇದಕ್ಕೇ, ಆಗಿಯೇ ಹೋಯಿತು ಎಂದುಕೊಂಡೆ. ಆಮೇಲೆ ಅವನು ಬಗ್ಗಿ ಚಪ್ಪಲಿ ಕಳಚಿ ಕುರ್ಚಿಯ ಕೆಳಗಿಟ್ಟದ್ದು ಕಂಡಿತು. ಎದ್ದು ಹೋಗುವವರು ಚಪ್ಪಲಿ ಬಿಟ್ಟು ಹೋಗುವುದಿಲ್ಲ. ಅಪ್ಪ ಪ್ಯಾಂಟನ್ನು ಮೊಣಕಾಲ ತನಕ ಮಡಚಿದ. ಸಾಲಿನ ಕಟ್ಟಕಡೆಗೆ ಹೋಗಿ ನಿಂತ. ಒಂದು ಗಳಿಗೆ ಕೈ ಹಿಂದೆಯೇ ಇತ್ತು. ಆಮೇಲೆ ಹಗ್ಗ ಹಿಡಿದ.

ಮುಂದಿನ ಹೈಸಾಕ್ಕೆ ಹಲಗೆ ಲಟಕ್ಕೆಂದು ಮುರಿದು, ಫಿರಂಗಿ ದಬಕ್ಕನೆ ಮರಳಿಗೆ ಬಿತ್ತು.

ಜನ ತಮ್ಮ ಜಾಗಕ್ಕೆ ವಾಪಸು ಹೋಗುತ್ತಾರೆಂದುಕೊಂಡೆ. ಒಬ್ಬರೂ ಹೋಗಲಿಲ್ಲ. ಸಾಲು ಸಾಲಾಗಿ ನಿಂತೇ ಇದ್ದರು. ದೊಡ್ಡತ್ತೆ ಕೈಯ ಮರಳು ಕೊಡವಿ ರಂಗದ ಕಡೆಗೆ ತಿರುಗಿದಳು.

"ಎಳ್ದದ್ದಾಯ್ತು" ಎಂದಳು. "ಪಾಲೆಲ್ಲಿ?"

ಎಲ್ಲರೂ ನಕ್ಕರು. ಆದರೆ ನಕ್ಕ ಮೇಲೂ ಯಾರೂ ಅಲ್ಲಾಡಲಿಲ್ಲ. ಅದು ಪೂರ್ತಿ ತಮಾಷೆಯಾಗಿರಲಿಲ್ಲ. ಹಗ್ಗ ಎಳೆದ ಮೇಲೆ ಬರಿಗೈಯಲ್ಲಿ ಹೋಗುವುದು ಆ ದಂಡೆಯಲ್ಲಿ ಇಲ್ಲ. ನಿರ್ದೇಶಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ಮಾನ ಉಳಿಸಿದವರು ವಿಮಾ ಏಜೆಂಟರು. ಡೇರೆಯ ಬಟ್ಟೆಯೊಳಗಿನಿಂದ ತಲೆ ಹೊರಗೆ ಹಾಕಿ, ಜನರಲ್ ಸಾಹೇಬನ ದನಿಯಲ್ಲೇ, ಇಡೀ ಪಲ್ಟನ್ನಿಗೆ ಪದಕ ಹಂಚಲು ನನಗೆ ಅಪ್ಪಣೆ ಕೊಟ್ಟರು.

ನಾನು ಮೀನಿನ ಬುಟ್ಟಿ ಎತ್ತಿಕೊಂಡು ಮರಳಿಗಿಳಿದೆ. ದೊಡ್ಡತ್ತೆ ಮೀನು ಹಂಚುವಾಗ ಹೋಗುವ ಹಾಗೆಯೇ, ಸಾಲಿನ ತಲೆಯಿಂದ ಒಬ್ಬೊಬ್ಬರಿಗೂ ಒಂದೊಂದು ಪದಕ ಚುಚ್ಚುತ್ತ ಹೋದೆ. ಮುದುಕಿಯರು ಎದೆ ಮುಂದೆ ಮಾಡಿ ನಿಲ್ಲುತ್ತಿದ್ದರು, ಮಕ್ಕಳು ಎರಡು ಕೇಳಿ ಬೈಸಿಕೊಂಡರು. ನಮ್ಮ ಸಿಪಾಯಿಗಳೂ ಸಾಲಿನಲ್ಲಿ ನಿಂತು ತೆಗೆದುಕೊಂಡರು. ನನ್ನ ಬೆನ್ನ ಹಿಂದೆ ದೊಡ್ಡತ್ತೆ, ಯಾರಿಗೂ ತಪ್ಪದಂತೆ ನೋಡಿಕೊಳ್ಳುತ್ತ ಬರುತ್ತಿದ್ದಳು. ಸಾಲಿನ ಕೊನೆಯಲ್ಲಿ ಅಪ್ಪ.

ಅವನ ಎದುರು ನಿಂತಾಗ ನನ್ನ ಕೈ ಏಳಲಿಲ್ಲ. ಟ್ರಂಕಿನಲ್ಲಿ ನಿಜವಾದ ಪದಕಗಳನ್ನು ಇಟ್ಟುಕೊಂಡವನಿಗೆ ಸೋಡಾ ಮುಚ್ಚಳ ಹೇಗೆ ಕೊಡುವುದು? ಕೊಡದಿದ್ದರೆ ಹಗ್ಗ ಎಳೆದವನಿಗೆ ಪಾಲು ತಪ್ಪಿದಂತೆ. ಅವನು ಬೇಡ ಎಂದುಬಿಟ್ಟರೆ, ಅದೇ ದಂಡೆ, ಅದೇ ಅಕ್ಕ, ಅದೇ ಮಾತು. ಅಪ್ಪ ಬುಟ್ಟಿಯನ್ನು ನೋಡಿದ, ನನ್ನ ಕಾಡಿಗೆಯ ಮೀಸೆಯನ್ನು ನೋಡಿದ. ಜನರೂ ನೋಡುತ್ತಿದ್ದರು. ಹಳೆಯ ಕತೆ ಅವರಿಗೆಲ್ಲ ಗೊತ್ತು.

ದೊಡ್ಡತ್ತೆಯೇ ಬಾಯಿ ಬಿಟ್ಟಳು. "ತಮಾ, ಇದಕ್ಕೂ ಪಿಂಚಣಿ ಅಡ್ಡ ಬತ್ತದನೋ?"

ಅಪ್ಪನ ಮೀಸೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಅವನು ನಕ್ಕ. ಅಪ್ಪ ನಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ, ಹಾಗೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದನ್ನು ನೋಡಿರಲಿಲ್ಲ. ನಗುತ್ತಲೇ ನೆಟ್ಟಗೆ ನಿಂತು ಎದೆ ಮುಂದೆ ಮಾಡಿದ. ನಾನು ಪಿನ್ನು ಚುಚ್ಚಿದೆ. ಅವನಿಗೆ ಸ್ವಲ್ಪ ಚುಚ್ಚಿರಲೂಬಹುದು. ಆಗ ಅವನು ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ.

"ನಮ್ಮಲ್ಲೂ ಹಿಂಗೇ ಆಗಿತ್ತೆ ತಂಗಿ. ಹತ್ತಿಸ್ದು, ಇಳಿಸ್ದು. ನಗೂಕೆ ಯಾರೂ ಬಿಡ್ಲಿಲ್ಲ."

ಅಷ್ಟು ವರ್ಷಗಳಲ್ಲಿ ಚಳಿಯನ್ನು ಬಿಟ್ಟು ಅವನು ಮಿಲಿಟರಿಯದೆಂದು ಹೇಳಿದ್ದು ಅದೊಂದೇ. ನನ್ನ ಮೀಸೆ ಕರಗಿ ಗಲ್ಲಕ್ಕೆ ಇಳಿಯಿತು. ಬೆವರಿಗೆ ಎಂದು ಎಲ್ಲರಿಗೂ ಹೇಳಿದೆ.

ಉಳಿದ ನಾಟಕವನ್ನು ಪರದೆಯಿಲ್ಲದೆ, ಡೇರೆಯಿಲ್ಲದೆ ಹೇಗೋ ಮುಗಿಸಿದೆವು. ಅಪ್ಪ ಕುರ್ಚಿಗೆ ವಾಪಸು ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಮರಳ ಮೇಲೆ, ಅಕ್ಕನ ಪಕ್ಕ ಕೂತುಬಿಟ್ಟ. ಹೇಸರಗತ್ತೆಗೆ ಪದಕ ಸಿಕ್ಕಾಗ ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಕೊನೆಯ ಬಸ್ಸಿನಲ್ಲಿ ಕಾರವಾರದ ತನಕ ಆ ಮುಚ್ಚಳವನ್ನು ಅಂಗಿಯ ಮೇಲೆ ಹಾಗೇ ಬಿಟ್ಟುಕೊಂಡು ಬಂದ. ಕಂಡಕ್ಟರ್ ಅದನ್ನು ನೋಡಿ ಏನೋ ಕೇಳಲು ಹೊರಟು, ಅಪ್ಪನ ಮುಖ ನೋಡಿ ಟಿಕೆಟ್ ಹರಿದು ಕೊಟ್ಟ.

ಆ ನಾಟಕವನ್ನು ಆಮೇಲೆ ನಾವು ಇನ್ನೂ ಕೆಲವು ಕಡೆ ಆಡಿದೆವು. ಬೇರೆ ಊರುಗಳಲ್ಲಿ ಜನ ಕೂತಲ್ಲೇ ಕೂತು, ಬೇಕಾದಲ್ಲಿ ನಕ್ಕು, ಚಪ್ಪಾಳೆ ತಟ್ಟಿ ಹೋದರು. ನಿರ್ದೇಶಕರಿಗೆ ಸಮಾಧಾನ. ನನಗೆ ಪ್ರತಿ ಸಲವೂ ಸಪ್ಪೆ ಅನ್ನಿಸುತ್ತಿತ್ತು.

ದಂಡೆಯಲ್ಲಿ ನಾಟಕವಾದ ಮುಂದಿನ ಆದಿತ್ಯವಾರ ನಾನು ಜಗಲಿಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅಪ್ಪ ಎಂದಿಗಿಂತ ಬೇಗ ಬಂದ. ಪ್ಯಾಂಟು ಮೊಣಕಾಲಿನ ತನಕ ಒದ್ದೆ, ಕಾಲಿಗೆಲ್ಲ ಮರಳು. ಕೈಯಲ್ಲಿ ಯಾವಾಗಿನ ಪೇಟೆಯ ಚೀಲವಿರಲಿಲ್ಲ, ಟವೆಲ್ಲಿನ ಗಂಟಿತ್ತು. ಬರುವ ದಾರಿಯಲ್ಲೇ ಹಿಂದಿನ ಮನೆಯ ಕೂಲಿ ಕೆಲಸದ ಹೆಂಗಸನ್ನು ಕರೆದು ಅದರಲ್ಲಿ ಅರ್ಧ ಕೊಟ್ಟದ್ದು ನನಗೆ ಕಾಣಿಸಿತು. ನಡುವಿನ ಇಷ್ಟು ಸಣ್ಣ ದಾರಿ ಹವಾಲ್ದಾರನಿಗೆ ಕಾಣಲು ಇಷ್ಟು ವರ್ಷ ಬೇಕಾಯಿತಲ್ಲ ಎಂದುಕೊಂಡೆ.

ಆಯಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಗಂಟು ಬಿಚ್ಚಿದಳು. ಬಂಗಡೆ, ಇನ್ನೂ ಹೊಳೆಯುತ್ತಿದ್ದವು. ಒಂದನ್ನು ಕೈಗೆತ್ತಿಕೊಂಡು, ರೂಢಿಯಂತೆ ಕಿವಿರಿನ ಕಡೆಗೆ ಹೆಬ್ಬೆರಳು ಒಯ್ಯುತ್ತ ಕೇಳಿದಳು.

"ಎಷ್ಟು ಕೊಟ್ರಿ?"

"ಕೊಂಡದ್ದಲ್ಲ" ಎಂದ ಅಪ್ಪ. "ಪಾಲು."

ಆಯಿ ಕಿವಿರು ಎತ್ತಿ ನೋಡಲಿಲ್ಲ. ಮೀನನ್ನು ಹಾಗೇ ಟವೆಲ್ಲಿನ ಮೇಲಿಟ್ಟು, ಮಸಾಲೆ ಅರೆಯಲು ಒಳಗೆ ಹೋದಳು.